ಹೆಬ್ಬೆರಳಿಗೆ ಎರಡು ದನಿ

ಈ ವರ್ಷ (1974) ಶ್ರಾವಣದ ಒಂದು ಸೋಮವಾರ ಬೈಲಹೊಂಗಲದಲ್ಲಿ ನನ್ನ ಅಕ್ಕ ಗಂಗವ್ವನಿಗೆ ಲಕ್ವಾ ಹೊಡೆಯಿತು. ಬಲಗೈಯಲ್ಲಿ ಈಗ ಹೆಬ್ಬೆರಳೊಂದೇ ಹೇಳಿದಂತೆ ಕೇಳುತ್ತದೆ. ಎಡಗೈಗೆ ಏನೂ ಆಗಿಲ್ಲ.

ಅಕ್ಕ ಸಿತಾರ್ ನುಡಿಸುತ್ತಿದ್ದಳು. ಅದು ಇನ್ನು ಆಗದು. "ಇದಕ್ಕೊಂದು ಕೆಲಸಾ ಕೊಡ್ರಿ, ಇಲ್ಲಾಂದ್ರ ಇದೂ ಸಾಯತೈತಿ" ಎಂದು ಭಾವನಿಗೆ ಹೆಬ್ಬೆರಳು ತೋರಿಸಿದಳು.

ಮನೆಯಲ್ಲಿ ಒಂದು ಯುಕುಲೆಲೆ ಇತ್ತು. (ನಾಲ್ಕು ತಂತಿಯ ಪುಟ್ಟ ಗಿಟಾರ್ ಎಂದುಕೊಳ್ಳಿ.) ಕಿತ್ತೂರಿನ ಹಳ್ಳಿಗಳಲ್ಲಿ ಕೋಳಿ ಸಾಕಣೆ ಕಲಿಸಲು ಬಂದ ಅಮೆರಿಕದ ಯುವಕನೊಬ್ಬ ಅಕ್ಕನ ಮನೆಯಲ್ಲಿ ಬಾಡಿಗೆಗಿದ್ದ. ಹೋಗುವಾಗ ಅದನ್ನೂ ಒಂದು ಪುಸ್ತಕವನ್ನೂ ಬಿಟ್ಟುಹೋದ. ಪುಸ್ತಕದಲ್ಲಿದ್ದದ್ದು ಲ್ಯೂಟ್ ಗತ್ತುಗಳು, ಅಂದರೆ ಆ ವಾದ್ಯಕ್ಕೆಂದೇ ಕಟ್ಟಿದ ರಚನೆಗಳು. ಲ್ಯೂಟ್ ಎಂದರೆ ನಾನೂರು ವರ್ಷ ಹಿಂದೆ ಯುರೋಪಿನ ಅರಮನೆಗಳಲ್ಲಿ ನುಡಿಯುತ್ತಿದ್ದ ಬಹುತಂತಿಯ ವಾದ್ಯ. ಆತ ಸಂಜೆ ಕಟ್ಟೆಯ ಮೇಲೆ ಕುಳಿತು ಅವನ್ನು ತನ್ನ ಗಿಟಾರಿನಲ್ಲಿ ನುಡಿಸುತ್ತಿದ್ದ. ಅಕ್ಕ ಕೇಳುತ್ತಿದ್ದಳು.

ಭಾವ ಶಾಲೆಯ ಸಂಗೀತ ಮಾಸ್ತರು. ಪುಸ್ತಕದ ಒಂದೊಂದು ಗೆರೆ ಒಂದೊಂದು ತಂತಿ, ಗೆರೆಯ ಮೇಲಿನ ಅಕ್ಷರ ಬೆರಳಿಡುವ ಜಾಗ ಎಂದು ತಿಳಿದುಕೊಂಡು, ಒಂದು ಗತ್ತನ್ನು ಸರಿಗಮದಲ್ಲಿ ಬರೆದರು. ಮೇಲಿನ ರಾಗವನ್ನು ಉಳಿಸಿದರು. ಕೆಳಗೆ ತನ್ನಷ್ಟಕ್ಕೆ ನಡೆಯುವ ಇನ್ನೊಂದು ದನಿಯನ್ನು ತೆಗೆದು, ತಂಬೂರಿಯಂತೆ ಒಂದೇ ಷಡ್ಜ ಇಟ್ಟರು. ನಮ್ಮ ಕಡೆಯ ಯಾವ ಮಾಸ್ತರರೂ ಮಾಡುವುದು ಅದನ್ನೇ. ರಾಗವಿದೆ, ಷಡ್ಜವಿದೆ. ಇನ್ನೇನು ಬೇಕು?

ಅಕ್ಕ ಒಂದು ಸಾಲು ನುಡಿಸಿ ನಿಲ್ಲಿಸಿದಳು.

"ಇದರಾಗ ಇಬ್ಬರು ಮಾತಾಡ್ತಿದ್ರು. ಒಬ್ಬರನ್ನ ಎಲ್ಲಿಗೆ ಕಳಿಸೀರಿ?"

"ನಿನಗ ತ್ರಾಸ ಆಗಬಾರದಂತ ತಗದೇನಿ" ಎಂದರು ಭಾವ.

"ತ್ರಾಸ ನಂದು. ಹಾಕ್ರಿ."

ನಾನು ಭಾವನ ಪಕ್ಷ ಹಿಡಿದೆ. ಕತ್ತರಿಸುವುದು ನನ್ನ ಕಸುಬು. (ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಸುದ್ದಿಯ ಕೊನೆಯ ಪ್ಯಾರಾ ಹಾರಿಸುತ್ತೇವೆ, ಯಾಕೆಂದು ಯಾರೂ ಕೇಳಿಲ್ಲ.) "ಯಕ್ಕಾ, ಇರೂದು ನಾಕ ತಂತಿ, ಒಂದ ಬೆರಳು" ಎಂದೆ.

"ನೀ ನಿನ್ನ ಪೇಪರ್ ನೋಡ್ಕೋ" ಎಂದಳು.

ಕಾಯಿಲೆಯವರ ಮನೆಯಲ್ಲಿ ನಾವು ಮೊದಲು ಮಾಡುವ ಕೆಲಸ ಇದೇ ಅಲ್ಲವೇ? ಉಪ್ಪು, ಕೆಟ್ಟ ಸುದ್ದಿ, ಮನೆಯ ಜಗಳ, ಒಂದೊಂದನ್ನೇ ಅವರಿಂದ ದೂರ ಇಡುತ್ತೇವೆ. ಬೇಕೇ ಎಂದು ಕೇಳುವುದಿಲ್ಲ.

ಭಾವನಿಗೆ ಇನ್ನೊಂದು ತಕರಾರಿತ್ತು. ಯುಕುಲೆಲೆಯಲ್ಲಿ ಅಷ್ಟು ಕೆಳಗಿನ ಸ್ವರವೇ ಇಲ್ಲ. "ಮಂದ್ರದ್ದನ್ನ ಮಧ್ಯ ಸಪ್ತಕಕ್ಕ ಏರಿಸಬೇಕು. ಆಮ್ಯಾಲ ಅದು ಮೊದಲಿನ ದನಿ ಹೆಂಗಾಗತೈತಿ?"

"ನಾನೂ ಅಡಗಿಮನಿಯಿಂದ ಪಡಸಾಲಿ ಮಂಚಕ್ಕ ಬಂದೇನಿ" ಎಂದಳು ಅಕ್ಕ. "ಬ್ಯಾರೆಯಾಕಿ ಆಗೇನೇನು?"

ಭಾವ ಬರೆದದ್ದನ್ನು ಹರಿದು ಮತ್ತೆ ಕುಳಿತರು. ಈ ಸಲ ಮೇಲಿನ ರಾಗದ ಕುಣಿತಗಳನ್ನು ಕಡಿಮೆ ಮಾಡಿದರು. ಕೆಳಗಿನ ದನಿಯನ್ನು ಮೇಲಕ್ಕೆ ತಂದು, ಹೆಬ್ಬೆರಳು ಒಮ್ಮೆ ಸವರಿದರೆ ಎರಡೂ ಸಿಗುವಂತೆ ಪಕ್ಕಪಕ್ಕದ ತಂತಿಗಳಲ್ಲಿ ಕೂರಿಸಿದರು.

ಮೊನ್ನೆ ಸೋಮವಾರ ಅಕ್ಕ ಮೊದಲ ಸಾಲನ್ನು ಕೊನೆಯವರೆಗೆ ನುಡಿಸಿದಳು. ಎರಡೂ ದನಿ ಕೇಳಿಸಿದವು. ಭಾವ ಎರಡನೆಯ ಸಾಲು ಬರೆಯುತ್ತಿದ್ದಾರೆ.