ಎಪ್ಪತ್ತನಾಲ್ಕನೇ ನಂಬರಿನ ಪರವಾಗಿ

ವಿಲೀಟಾ ಪ್ರೂಯಿಟ್ ನಮ್ಮ ಬೆಲ್ ಫೋರ್ಕ್ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಬಟ್ಟೆ ಒಗೆಯುವ ಕೆಲಸಕ್ಕಿದ್ದವಳು. ಚೆಂಡು ಕೈಯಲ್ಲಿ ಹಿಡಿದು, ಮೈಗೆ ಮೈ ಡಿಕ್ಕಿ ಹೊಡೆದು ಆಡುವ ಅಮೆರಿಕದ ಫುಟ್‌ಬಾಲ್ ಹುಡುಗರ ಅಂಗಿಗೆ ಹತ್ತಿದ ಅಲಬಾಮಾದ ಕೆಂಪು ಮಣ್ಣು ಅವಳ ಕೈಗೆ ಮಾತ್ರ ಬಗ್ಗುತ್ತಿತ್ತು. ಕೊಳೆ ನೋಡಿಯೇ ಯಾವ ಹುಡುಗ ಮೈಮುರಿದು ಆಡಿದ, ಯಾವನು ಕಾಲ ಕಳೆದು ಬಂದ ಎಂದು ಹೇಳಿಬಿಡುತ್ತಿದ್ದಳು. ನಿವೃತ್ತಳಾದ ಮೇಲೂ ಆ ತಂಡದ ನಂಟು ಬಿಡಲಿಲ್ಲ.

ಪಂದ್ಯಗಳು ಶುರುವಾಗುವುದು ಸೆಪ್ಟೆಂಬರಿನಲ್ಲಿ. ಆಗ ಊರಿಗೆ ಊರೇ ಮೈದಾನದಲ್ಲಿರುತ್ತದೆ. ಆದರೆ ಮಾರ್ಚ್ ತಿಂಗಳಲ್ಲಿ ನಡೆಯುವ ಹದಿನೈದು ದಿನದ ವಸಂತದ ಅಭ್ಯಾಸಕ್ಕೆ ಯಾರೂ ಸುಳಿಯುವುದಿಲ್ಲ. ಅಂಕವಿಲ್ಲ, ಎದುರಾಳಿಯಿಲ್ಲ, ತಮ್ಮತಮ್ಮಲ್ಲೇ ಗುದ್ದಾಟ. ವಿಲೀಟಾ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಅವಳ ಮಂಡಿ ಕೈಕೊಟ್ಟ ಮೇಲೆ ಪಕ್ಕದ ಮನೆಯವನಾದ ನಾನೇ ನನ್ನ ಟ್ರಕ್ಕಿನಲ್ಲಿ ಕರೆದೊಯ್ಯುತ್ತಿದ್ದೆ.

"ಬರೀ ಕಸರತ್ತು ನೋಡೋಕೆ ಬಿಸಿಲಲ್ಲಿ ಬೇಯ್ಬೇಕಾ?" ಎಂದು ಒಮ್ಮೆ ಕೇಳಿದೆ.

"ಮದುವೆ ಊಟಕ್ಕೆ ಎಲ್ರೂ ಬರ್ತಾರೆ ಕಣೋ ಗ್ರೇಡಿ. ಅಡುಗೆಮನೇಲಿ ಬೆವರೋರನ್ನ ಯಾರು ನೋಡ್ತಾರೆ?"

ಆ ವಸಂತದಲ್ಲಿ ಅವಳ ಕಣ್ಣು ಎಪ್ಪತ್ತನಾಲ್ಕನೇ ನಂಬರಿನ ಟವಾರಿಸ್ ಓಡಮ್ ಮೇಲೆ ಬಿತ್ತು. ಬಾಗಿಲಷ್ಟು ಅಗಲದ ಹುಡುಗ. ಮುಂದಿನ ಸಾಲಿನಲ್ಲಿ ನಿಂತು ಮೇಲೆರಗಿ ಬರುವವರನ್ನು ತಡೆಯುವುದು ಅವನ ಕೆಲಸ. ಚೆಂಡು ಕೈಗೆ ಬರುವುದೇ ಇಲ್ಲ. ಎರಡು ವರ್ಷ ಬೆಂಚಿನ ಮೇಲೆಯೇ ಕೂತಿದ್ದ. ಅಭ್ಯಾಸ ಮುಗಿದ ಕೂಡಲೇ ಬೇಲಿಯ ಹತ್ತಿರ ಬರುತ್ತಿದ್ದ.

"ಇವತ್ತು ಹೆಂಗಿತ್ತಮ್ಮಾ?"

"ಬಲಗಾಲು ಆಡ್ತಿದೆ. ಎಡಗಾಲು ಇನ್ನೂ ಹಾಸಿಗೇಲಿದೆ. ಎಬ್ಬಿಸು ಅದನ್ನ."

ಅವನು ನಗುತ್ತಾ, ಅವಳು ತಂದ ಮೆಕ್ಕೆಜೋಳದ ಬ್ರೆಡ್ಡನ್ನು ನಿಂತಲ್ಲೇ ತಿಂದು ಮುಗಿಸುತ್ತಿದ್ದ. ಎಂಟನೇ ದಿನ ಕೋಚ್ ಅವನನ್ನು ಮೊದಲ ತಂಡಕ್ಕೆ ಸೇರಿಸಿದರು. ವಿಲೀಟಾ ಮನೆ ತಲುಪುವವರೆಗೂ ಕನ್ನಡಕ ಒರೆಸಿಕೊಳ್ಳುತ್ತಲೇ ಇದ್ದಳು.

ಒಂಬತ್ತನೇ ದಿನ ಯಾರೂ ಓಡಲಿಲ್ಲ. ಹುಡುಗರೆಲ್ಲ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದರು. ಕಾಲೇಜಿನ ಆಫೀಸಿನಿಂದ ಬಂದ, ಕೋಟು ತೊಟ್ಟವನೊಬ್ಬ ಕಾಗದ ನೋಡಿ ಓದಿದ: ಇನ್ನು ಮುಂದೆ ಕಾಲೇಜಿನಲ್ಲಿ ಫುಟ್‌ಬಾಲ್ ಇರುವುದಿಲ್ಲ, ಅಭ್ಯಾಸ ಇವತ್ತಿಗೇ ಮುಗಿಯಿತು. ಮೂರು ನಿಮಿಷದ ಮಾತು. ಚೆನ್ನಾಗಿ ಆಡುವವರ ಫೋನುಗಳಿಗೆ ಆಗಲೇ ನಮ್ಮ ತಂಡಕ್ಕೆ ಬಾ ಎಂದು ಬೇರೆ ಕಾಲೇಜುಗಳಿಂದ ಕರೆ ಬರತೊಡಗಿದ್ದವು. ಓಡಮ್ ಹುಲ್ಲಿನ ಮೇಲೆ ಒಬ್ಬನೇ ಕೂತಿದ್ದ.

"ನಿನ್ನ ಯಾರೂ ಕರೀಲಿಲ್ವಾ?" ಎಂದು ವಿಲೀಟಾ ಬೇಲಿಯಾಚೆಯಿಂದ ಕೇಳಿದಳು.

"ನಾನು ಆಡಿದ್ದು ಯಾರಮ್ಮಾ ನೋಡಿದಾರೆ? ಒಂದು ಪಂದ್ಯಕ್ಕೂ ಇಳಿಸಿಲ್ಲ. ಕಳಿಸೋಕೆ ಒಂದು ವಿಡಿಯೊನೂ ಇಲ್ಲ."

"ನಾನು ನೋಡಿದೀನಿ," ಅಂದಳು.

ಮರುದಿನದಿಂದ ನಾಲ್ಕು ಕಾಲೇಜುಗಳಿಗೆ ಫೋನು ಮಾಡಿದಳು. ಮೂರು ಕಡೆ ಯಂತ್ರ ಮಾತಾಡಿತು, ಒಂದು ಕಡೆ ಫೋನು ಇಟ್ಟುಬಿಟ್ಟರು. ಶುಕ್ರವಾರ ಬೆಳಿಗ್ಗೆ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ನನ್ನ ಬಾಗಿಲು ತಟ್ಟಿದಳು. ತೊಂಬತ್ತು ಮೈಲಿ ಆಚೆ ಇನ್ನೊಂದು ಕಾಲೇಜಿನಲ್ಲಿ ಅಭ್ಯಾಸ ನಡೆಯುತ್ತಿದೆಯಂತೆ, ಹೋಗಲೇಬೇಕಂತೆ.

ಅಲ್ಲಿನ ಕೋಚ್ ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ಅವಳು ಓಡಮ್ ಬಗ್ಗೆ ಹೇಳಿದ್ದನ್ನೆಲ್ಲ ನಿಂತು ಕೇಳಿದರು.

"ನಿಮ್ಮ ಮೊಮ್ಮಗನಾ ಅಮ್ಮಾ?"

"ಅಲ್ಲ. ನಾನು ಬೇಲಿ ಹತ್ರ ನಿಂತು ನೋಡೋಳು."

ಅವರು ನಗಲಿಲ್ಲ. "ನೀವು ಹೇಳೋದು ನಿಜಾನೇ ಇರ್ಬೋದು. ಆದ್ರೆ ದಿನಾ ಇನ್ನೂರು ಹುಡುಗರ ವಿಡಿಯೊ ನನಗೆ ಬರುತ್ತೆ. ಬಾಯಿಮಾತಿನ ಮೇಲೆ ಜಾಗ ಕೊಡೋಕಾಗಲ್ಲ. ಬಂದಿದೀರಿ, ಕೂತ್ಕೊಂಡು ಅಭ್ಯಾಸ ನೋಡಿ."

ಕೂತೆವು. ಓಡಮ್ ನಿಲ್ಲುವ ಜಾಗದಲ್ಲಿ ಅವರ ಹುಡುಗನೊಬ್ಬ ನಿಂತಿದ್ದ. ವಿಲೀಟಾ ಅವನ ಕಾಲುಗಳನ್ನೇ ನೋಡುತ್ತಿದ್ದಳು. ಹತ್ತು ನಿಮಿಷವಾಗಿರಬಹುದು, ನನ್ನ ತೋಳು ಹಿಡಿದಳು.

"ನಡಿ ಗ್ರೇಡಿ. ಆ ಹುಡುಗ ನಮ್ಮೋನಿಗಿಂತ ಚೆನ್ನಾಗಿದಾನೆ."

"ಸ್ವಲ್ಪ ಹೊತ್ತು ನೋಡೋಣ..."

"ನೋಡಿದ್ದಾಯ್ತು. ಅವನ ಬದಲಿಗೆ ಇಳಿಯೋನೂ ನಮ್ಮೋನಿಗಿಂತ ಚೆನ್ನಾಗಿದಾನೆ."

ಊರು ಹತ್ತಿರವಾದಾಗ, "ಅವನಿಗೇನು ಹೇಳ್ಲಿ?" ಎಂದಳು.

ಓಡಮ್ ಊರು ಬಿಟ್ಟು ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಅವಳು ಹೇಳಿದ್ದು ಇಷ್ಟೇ: "ಅವ್ರ ಹತ್ರ ಜಾಗ ಇಲ್ವಂತೆ ಮಗಾ."

"ಅಷ್ಟು ದೂರ ಹೋಗಿದ್ರಾ ನನಗೋಸ್ಕರ?" ಎಂದು ಅವನು ಬಗ್ಗಿ ಅವಳನ್ನು ತಬ್ಬಿಕೊಂಡ. ಅವಳು ಅವನ ಮುಖ ನೋಡಲಿಲ್ಲ. ಜಾರ್ಜಿಯಾದಲ್ಲಿ ಅವನ ಮಾವ ಕೆಲಸ ಮಾಡುವ ಕೋಳಿಮಾಂಸದ ಕಾರ್ಖಾನೆಗೆ ಸೇರಿದನಂತೆ. ಕ್ರಿಸ್ಮಸ್‌ಗೆ ಒಂದು ಸಲ ಫೋನು ಮಾಡಿದ. ಆಮೇಲೆ ಆ ನಂಬರೇ ಇಲ್ಲವಾಯಿತು.

ಮರುವರ್ಷ ಮಾರ್ಚ್‌ನಲ್ಲಿ, ದೊಡ್ಡ ವಿಶ್ವವಿದ್ಯಾಲಯದ ಅಭ್ಯಾಸ ಪಂದ್ಯಕ್ಕೆ ಹೋಗೋಣ ಬಾ ಎಂದು ಕರೆದೆ. ಅಲ್ಲಿ ಅಭ್ಯಾಸಕ್ಕೂ ಎಪ್ಪತ್ತು ಸಾವಿರ ಜನ ಸೇರುತ್ತಾರೆ.

"ಎಪ್ಪತ್ತು ಸಾವಿರ ಜನ ಇದಾರಲ್ಲ, ಅವರೇ ನೋಡ್ಕೊಳ್ಳಲಿ," ಎಂದಳು. ಕನ್ನಡಕ ತೆಗೆದಿಟ್ಟು, "ನಿನ್ನಲ್ಲಿ ಆಟ ಇದೆ ಅಂತ ಓಡಮ್‌ಗೆ ನಂಬಿಸಿದೋಳು ನಾನು. ಇಷ್ಟು ವರ್ಷ ನಾನು ನೋಡಿದ್ದಾದ್ರೂ ಏನು ಗ್ರೇಡಿ?" ಎಂದಳು.

ಈಗ ಮನೆಬಿಟ್ಟು ಹೊರಡುವುದಿಲ್ಲ. ದನಿ ಅಡಗಿಸಿದ ಟೀವಿಯ ಮುಂದೆ ಕೂತಿರುತ್ತಾಳೆ. ಮಧ್ಯಾಹ್ನ ನಾನು ಹೋದರೆ ಗಂಟೆ ಎಷ್ಟೆಂದು ಕೇಳುತ್ತಾಳೆ. ಹೇಳುತ್ತೇನೆ. "ಇನ್ನೂ ಅಷ್ಟೇನಾ," ಎನ್ನುತ್ತಾಳೆ.