ರೇಡಿಯಂ ಪಟ್ಟಿಯ ಮೇಲೆ ಬಳಿದ ಟಾರು

ಅಕ್ಕ, ಭಾವನ ತೆಪ್ಪಕ್ಕೆ ನೀನು ಅಂಟಿಸಿದ್ದ ರೇಡಿಯಂ ಪಟ್ಟಿಯ ಮೇಲೆ ಟಾರು ಬಳಿದವನು ನಾನು. ಅವತ್ತು ಮಂಜಿನಲ್ಲಿ ಆ ತೆಪ್ಪ ಯಾರ ಕಣ್ಣಿಗೂ ಬೀಳುವ ಹಾಗಿರಲಿಲ್ಲ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿನ್ನ ಕೈಯ ಅನ್ನ ತಿಂದೆ — ಥೂ, ನನ್ನ ಜನ್ಮಕ್ಕಿಷ್ಟು.

ಡ್ಯಾಮಿನ ಹಿನ್ನೀರಿಗೆ ಮೀನು ಗುತ್ತಿಗೆದಾರರ ಮೋಟಾರ್ ದೋಣಿ ಬಂದ ಮೇಲೆ ನಿನಗೆ ದಿಗಿಲು ಹತ್ತಿತ್ತು. ತೆಪ್ಪವೂ ಕಪ್ಪು, ನೀರೂ ಕಪ್ಪು, ಮೇಲೆ ಬೆಳಗಿನ ಮಂಜು. ಗುಂಡ್ಲುಪೇಟೆಗೆ ಹೋಗಿ, ಲಾರಿಗೆ ಸ್ಟಿಕ್ಕರ್ ಹಾಕುವ ಅಂಗಡಿಯಿಂದ ಕೆಂಪು-ಬಿಳಿ ರೇಡಿಯಂ ತಂದು ಸುತ್ತಲೂ ನೀನೇ ಅಂಟಿಸಿದೆ. ದೋಣಿಯ ಲೈಟು ಬಿದ್ದರೆ ದೂರದಿಂದಲೇ ಹೊಳೆಯುತ್ತಿತ್ತು.

ಮಳೆಗಾಲ ಕಳೆದ ಮೇಲೆ ತೆಪ್ಪಕ್ಕೆ ಟಾರು ಬಳಿಯುವುದು ನಮ್ಮಲ್ಲಿ ಹೆಂಡತಿಯ ತಮ್ಮನ ಪಾಲಿನ ಕೆಲಸ. ತೆಪ್ಪ ಬೋರಲು ಹಾಕಿ ಟಾರು ಕಾಯಿಸುತ್ತಿದ್ದೆ. ದಡದಲ್ಲಿದ್ದವರು ಶುರು ಮಾಡಿದರು: "ಏನ್ಲಾ, ನಿಮ್ ಬಾವ ಲಾರಿ ತಕ್ಕಂಡವ್ನಾ? ಹಾರನ್ ಎಲ್ಲಿ ಕಣ್ಲಾ?"

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಪಟ್ಟಿ ಬಿಟ್ಟು ಬಳಿಯಬೇಕಿತ್ತು — ಅದರ ಮೇಲೆಯೇ ಎಳೆದುಬಿಟ್ಟೆ. ಭಾವ ನೋಡಿ, "ಓಗ್ಲಿ ಬುಡು, ನಿಮ್ಮಕ್ಕಂಗೆ ಯೋಳ್ಬ್ಯಾಡ" ಎಂದು ನಕ್ಕ. ತಪ್ಪನ್ನು ಅವನ ಮೇಲೆ ಹಾಕುತ್ತಿಲ್ಲ ಅಕ್ಕ. ಹೊಸ ಪಟ್ಟಿ ತರುತ್ತೇನೆ ಎಂದವನು ನಾನು. ಇವತ್ತು, ನಾಳೆ... ತರಲೇ ಇಲ್ಲ.

ಆಮೇಲಿನದು ನಿನಗೆ ಗೊತ್ತು. ಮೋಟಾರ್ ದೋಣಿಯ ಮಾದೇಶ ತೆಪ್ಪದ ಮೇಲೆಯೇ ಹತ್ತಿಸಿದ. ಭಾವ ಹೆಣವಾಗಿ ಸಿಕ್ಕ. "ಏನೂ ಕಾಣ್ಲಿಲ್ಲ ಸಾ" ಎಂದು ಮಾದೇಶ ಪೊಲೀಸರ ಕಾಲು ಹಿಡಿದು ಅಳುತ್ತಿದ್ದ. "ಸುತ್ತಾ ರೇಡಿಯಂ ಅಂಟ್ಸಿದ್ದೆ! ಕುಡ್ದಿದ್ದ ಇವ್ನು!" ಎಂದು ನೀನು ಶಾಪ ಹಾಕುತ್ತ ಅವನ ಮೇಲೆ ಮಣ್ಣು ತೂರಿದೆ. ಪೊಲೀಸರು ನನ್ನತ್ತ ತಿರುಗಿದರು. ತೆಪ್ಪ ನೀರಿನ ತಳ ಸೇರಿತ್ತು. ಎತ್ತಿ ನೋಡುವವರು ಯಾರೂ ಇರಲಿಲ್ಲ; ದಡದಲ್ಲಿ ನಕ್ಕವರನ್ನು ಯಾರೂ ಕೇಳಲಿಲ್ಲ.

"ಊ ಸಾ, ರೇಡಿಯಂ ಇತ್ತು" ಅಂದೆ.

ಮಾದೇಶ ಜೈಲಿಗೆ ಹೋಗಿ ಬಂದ. ಮತ್ತೆ ದೋಣಿ ಮುಟ್ಟಲಿಲ್ಲ; ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದ. ಒಂದು ದಿನ ನನ್ನನ್ನು ತಡೆದು ನಿಲ್ಲಿಸಿದ. "ಅಣ್ಣ, ನೀನಾರ ನಿಜ ಯೋಳು. ರೇಡಿಯಂ ಇತ್ತಾ? ನಾನು ಕುಡ್ದಿರ್ನಿಲ್ಲ ಕಣಣ್ಣ... ನನ್ ಕಣ್ಗ್ಯಾಕೆ ಕಾಣ್ಲಿಲ್ಲ?"

ನಿಜ ಬಾಯಿಯವರೆಗೂ ಬಂದಿತ್ತು — ನಿನ್ನ ಮುಖ ನೆನಪಾಯಿತು, ಹೆದರಿದೆ. "ಇತ್ತು ಕಣ್ಲಾ" ಅಂದೆ.

"ಅಂಗಾರೆ ನಂದೇ ತಪ್ಪು" ಎಂದು ಮೂಟೆಯ ಕಡೆ ಹೋದ.

ಹೋದ ವಾರ ಅವನು ತೀರಿಕೊಂಡ. "ಮಾದಪ್ಪ ಸ್ವಾಮಿ ನೋಡ್ಕಂಡ ಬುಡು" ಎಂದು ನೀನು ದೇವರಿಗೆ ಕೈ ಮುಗಿದೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನಾಳೆ ಅವನ ಊರು ತೆರಕಣಾಂಬಿಗೆ ಹೋಗಿ ಅವನ ಹೆಂಡತಿಗೆ ಹೇಳುತ್ತೇನೆ. ಠಾಣೆಯಲ್ಲೂ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೂ ಸರಿ. ಆದರೆ ಅಕ್ಕ — ಈ ಮಾತು ಬೇಕಾಗಿದ್ದವನು ನನ್ನನ್ನೇ ಹುಡುಕಿಕೊಂಡು ಬಂದು ಕೇಳಿದ್ದ. ಅವನಿಗೆ ಇನ್ನು ಹೇಳಲು ಆಗುವುದಿಲ್ಲ.