ಬಾಣಂತಿ ಮನೆಯ ಗ್ಯಾಸ್ ಟ್ಯೂಬು

ನಮ್ಮ ಮನೆಯೊಳಗೆ ಗಾಳಿಗೆ ಪ್ರವೇಶವಿಲ್ಲದೆ ಹತ್ತೊಂಬತ್ತು ದಿನವಾಗಿತ್ತು.

ಕಾರಣ ಹೇಳದೇ ಇರಲಾರೆ. ನಾನು ಅಜ್ಜಿಯಾಗಿದ್ದೇನೆ! ಮಗಳು ಭವ್ಯಳಿಗೆ ಹೆಣ್ಣು ಮಗು. ಕಿವಿ ನನ್ನದು, ಮೂಗು ನನ್ನದು, ಹಸಿವಾದರೆ ಕಿರುಚುವ ಗಂಟಲೂ ನನ್ನದೇ ಅಂತೆ. (ಕೊನೆಯದನ್ನು ಹೇಳಿದ್ದು ನಮ್ಮ ಯಜಮಾನರು.) ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಫೋಟೋ ತೋರಿಸುತ್ತೇನೆ. ಸಿದ್ದಾಪುರದಲ್ಲಿ ಇಳಿಯಬೇಕಾದ ಒಬ್ಬರು ನನ್ನಿಂದಾಗಿ ಮುಂದಿನ ಸ್ಟಾಪಿನಲ್ಲಿ ಇಳಿದರು.

ಇಂಥ ಮಗುವಿಗೆ ಶೀತ ಆಗಬಾರದಲ್ಲ? ಮಳೆ ಬೇರೆ. ಎಲ್ಲ ಕಿಟಕಿ ಮುಚ್ಚಿಸಿದೆ. ಸಂದಿಗೆಲ್ಲ ಹಳೆ ಬಟ್ಟೆ ತುರುಕಿದೆ. ಬೆಚ್ಚಗಿರಲಿ ಎಂದು ತಾಯಿ ಮಗುವಿಗೆ ಅಡುಗೆಮನೆಯ ಪಕ್ಕದ ಕೋಣೆಯಲ್ಲೇ, ನೆಲದ ಮೇಲೆ ಹಾಸಿಗೆ.

ಸೋಮವಾರ ಭವ್ಯ ಹೇಳಿದಳು, "ಅಮ್ಮಾ, ಗ್ಯಾಸ್ ವಾಸ್ನೆ ಬರ್ತಾ ಇದೆ."

"ಬೆಳ್ಳುಳ್ಳಿ ಹುರೀತಿದ್ದೀನಿ ಕಣೆ. ಬಾಣಂತೀರಿಗೆ ಮೂಗು ಜಾಸ್ತಿ. ತಲೆಗೆ ಬಟ್ಟೆ ಕಟ್ಕೊಂಡು ಸುಮ್ನೆ ಮಲ್ಕೋ."

ಅಪ್ಪನನ್ನು ಕೇಳಿದಳು. ಅವರು ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ. "ಮನೆ ತುಂಬ ನಿಮ್ಮಮ್ಮನ ಇಂಗು, ಓಮ, ಬೆಳ್ಳುಳ್ಳಿ. ಇದ್ರಲ್ಲಿ ಗ್ಯಾಸ್ ಎಲ್ಲಿ ಅಂತ ಹುಡ್ಕೋದು?"

ಅಲ್ಲಿಗೆ ತನಿಖೆ ಮುಗಿಯಿತು.

ಮಂಗಳವಾರ ಬೆಳಿಗ್ಗೆ, ಮಗುವಿಗೆ ಎರೆಯಲು ಬರುವ ಲಕ್ಷ್ಮಕ್ಕ ಸ್ನಾನ ಮುಗಿಸಿ ಮಗುವನ್ನು ಮಲಗಿಸಿದಳು. ಇನ್ನು ಸಾಂಬ್ರಾಣಿ ಹೊಗೆ ಹಾಕಬೇಕು. ಹಿತ್ತಲಿನ ಬಚ್ಚಲೊಲೆಯಿಂದ ಹಳೆ ಬಾಣಲೆಯಲ್ಲಿ ನಿಗಿನಿಗಿ ಕೆಂಡ ತುಂಬಿಕೊಂಡು ಹೊರಟಳು. ಅಷ್ಟರಲ್ಲಿ ಗ್ಯಾಸ್ ತರುವ ಅಶ್ರಫ್ ಹೊಸ ಸಿಲಿಂಡರನ್ನು ಹಿಂಬಾಗಿಲಲ್ಲಿ ಇಳಿಸಿದ. ಒಂದು ಸಲ ಮೂಗೆಳೆದ. ತಿರುಗಿ ನೋಡಿದರೆ ಲಕ್ಷ್ಮಕ್ಕ, ಕೈಯಲ್ಲಿ ಕೆಂಡ.

"ಅಕ್ಕಾ, ಅಲ್ಲೇ ನಿಲ್ಲಿ! ಬೆಂಕಿ ವಾಪಸ್ ತಗೊಂಡೋಗಿ!"

"ಮಗೀಗೆ ಹೊಗೆ ಹಾಕೋದ್ ಬ್ಯಾಡ್ವೇನಪ್ಪಾ?"

"ಮಗೂಗಲ್ಲ, ಮನೆಗೇ ಹೊಗೆ ಹಾಕ್ತೀರಿ ನೀವು! ಗ್ಯಾಸ್ ಲೀಕಾಗ್ತಾ ಉಂಟು!"

ಆಗ ನಮ್ಮ ಯಜಮಾನರಿಗೆ ಉತ್ಸಾಹ ಬಂತು. "ಇರು, ಫ್ಯಾನ್ ಹಾಕ್ತೀನಿ, ವಾಸ್ನೆ ಹೋಗ್ಲಿ" ಎಂದು ಗೋಡೆಗೆ ಕೈ ಚಾಚಿದರು.

"ಸ್ವಿಚ್ ಮುಟ್ಬೇಡಿ ಸಾರ್! ಅದ್ರ ಕಿಡಿ ಸಾಕು!"

ನಾನು ಮಗುವನ್ನು ಬಾಚಿಕೊಂಡು ಅಂಗಳಕ್ಕೆ ಓಡಿದೆ. ಹಿಂದೆಯೇ ಭವ್ಯ. ಕೂಸು ಮಾತ್ರ ಕಣ್ಣು ಬಿಟ್ಟು, ಮನೆಗೆ ಬಂದ ಮೇಲೆ ಮೊದಲ ಸಲ ಹೊರಗಿನ ಗಾಳಿ ಕುಡಿದು, ಒಂದು ಆಕಳಿಕೆ ತೆಗೆಯಿತು. ಎಷ್ಟು ಚಂದದ ಆಕಳಿಕೆ ಅಂತೀರಿ!

ಅಶ್ರಫ್ ರೆಗ್ಯುಲೇಟರ್ ಆರಿಸಿ, ಬಾಗಿಲು ಕಿಟಕಿಯನ್ನೆಲ್ಲ ತೆರೆದು ಹೊರಗೆ ಬಂದ. "ಅಜ್ಜೀ, ಈ ಗ್ಯಾಸು ಮೇಲೆ ಹೋಗೋದಲ್ಲ. ನೆಲದಲ್ಲೇ ಹರ್ಕೊಂಡು ನಿಲ್ತದೆ."

ನೆಲದಲ್ಲಿ. ನನ್ನ ಮೊಮ್ಮಗಳ ಹಾಸಿಗೆ ಇದ್ದದ್ದೂ ಅಲ್ಲೇ.

ಟ್ಯೂಬು ಬಿಚ್ಚಿ ತಂದು ಬಗ್ಗಿಸಿ ತೋರಿಸಿದ. ಮೈಯೆಲ್ಲ ಬಿರುಕು. "ಯಾವಾಗ ಹಾಕಿದ್ದು ಇದು?"

"ಈಗ ಮೊನ್ನೆ" ಅಂದರು ಯಜಮಾನರು.

ಯಾವ ಮೊನ್ನೆ? ಭವ್ಯ ಗೋಣಿಕೊಪ್ಪಲಿನ ಕಾಲೇಜು ಸೇರಿದ ವರ್ಷ! ಅವಳ ಓದು ಮುಗಿಯಿತು, ಮದುವೆಯಾಯಿತು, ಮಗುವೂ ಆಯಿತು. ಟ್ಯೂಬು ಮಾತ್ರ ಅದೇ. ಧೂಳು ಹಿಡಿಯಬಾರದೆಂದು ಅದಕ್ಕೆ ಹಳೆ ಸೀರೆಯ ತುಂಡು ಸುತ್ತಿದ್ದವಳು ನಾನು. ಬಿರುಕು ಕಾಣುವುದಾದರೂ ಹೇಗೆ? ಎಷ್ಟು ವರ್ಷಕ್ಕೆ ಬದಲಿಸಬೇಕೆಂದು ಅದರ ಮೈಮೇಲೇ ಅಚ್ಚು ಹಾಕಿರುತ್ತಾರಂತೆ. (ನಾಲ್ಕನೇ ಕ್ಲಾಸು ಓದಿದ ನನಗೂ ಅಂಕೆ ಓದಲು ಬರುತ್ತದೆ. ಓದಲಿಲ್ಲ, ಅಷ್ಟೆ.)

ನನಗೆ ಉರಿಯುವುದು ಇದಕ್ಕೇ. ಮಗುವಿಗೆ ದೃಷ್ಟಿಯಾಗದಂತೆ ಕೆನ್ನೆಗೆ ಕಪ್ಪು ಇಡುತ್ತೇವೆ. ಇಂಜೆಕ್ಷನ್ ಕಾರ್ಡನ್ನು ಕ್ಯಾಲೆಂಡರಿನ ಪಕ್ಕ ನೇತುಹಾಕುತ್ತೇವೆ. ಮೂರು ಹೊತ್ತು ಉರಿಯುವ ಒಲೆಯ ಹಿಂದೆ ಬಗ್ಗಿ ನೋಡಲು ನಮಗೆ ಸೊಂಟ ನೋವು! ಅಡುಗೆ ಮುಗಿದ ಮೇಲೆ ರೆಗ್ಯುಲೇಟರ್ ಆರಿಸಲು ಎಷ್ಟು ಹೊತ್ತು ಬೇಕು? ನಿಮ್ಮ ಮನೆಯಲ್ಲಿ ಆರಿಸುತ್ತೀರಾ? ನಿಜ ಹೇಳಿ.

ಹೊಸ ಟ್ಯೂಬು ಹಾಕಿಸಿದೆವು. ಸೋಪಿನ ನೀರು ಬಳಿದು, ಗುಳ್ಳೆ ಏಳುವುದಿಲ್ಲವೆಂದು ನೋಡಿ ಅಶ್ರಫ್ ಹೋದ. ತಾಯಿ ಮಗುವಿನ ಹಾಸಿಗೆ ಈಗ ಮುಂದಿನ ಕೋಣೆಯ ಮಂಚಕ್ಕೆ ಏರಿದೆ. ಅಡುಗೆಮನೆಯ ಕಿಟಕಿ ಹಗಲೆಲ್ಲ ತೆರೆದೇ ಇರುತ್ತದೆ.

ಮೊನ್ನೆ ಮಗು ನೋಡಲು ಬಂದ ನನ್ನ ನಾದಿನಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ಅಯ್ಯೋ ಅತ್ತಿಗೆ, ಬಾಣಂತಿ ಮನೇಲಿ ಕಿಟಕಿ ತೆಗ್ದಿದ್ದೀರಲ್ಲ! ಮಗೀಗೆ ಶೀತ ಆದ್ರೆ ಏನ್ ಗತಿ?"

ಶೀತವಾದರೆ ಕಷಾಯ ಕಾಯಿಸಲು ನಾನಿದ್ದೇನೆ ತಾಯಿ, ಗ್ಯಾಸು ಹೊತ್ತಿಕೊಂಡರೆ ಕಾಯಿಸುವವರು ಯಾರು, ಕುಡಿಯುವವರು ಯಾರು?